ಗದಾವಿದ್ಯೆಯಲ್ಲಿ ಗುರುನಿಷ್ಠೆ : ರನ್ನನ ಕಾವ್ಯವಸ್ತುವಿನ ಒಂದು ವಿಚಾರ

ಶಸ್ತ್ರವಿದ್ಯೆ ಮಲ್ಲವಿದ್ಯೆಗಳಲ್ಲಿ ಗುರುಶಿಷ್ಯಸಂಬಂಧವು ಪಾಠಪ್ರವಚನಗಳಷ್ಟಕ್ಕೇ ನಿಲ್ಲುವುದಲ್ಲ. ಚೀನಾದೇಶದ ಮಲ್ಲರು ಗುರುವನ್ನು ಕರೆಯುವ ‘ಷಿಫು’ ಎಂಬ ಶಬ್ದದಲ್ಲಿ ಗುರು, ಪಿತೃ ಎಂಬ ಎರಡು ಅರ್ಥಗಳೂ ಕೂಡಿವೆ. ಉತ್ತರ ಕರ್ಣಾಟಕದ ಗರಡಿಗಳಲ್ಲಿ ಆ ಸ್ಥಾನವು ವಸ್ತಾದನದು. ಶಬ್ದವು ಪಾರಸೀಕಮೂಲದ್ದಾದರೂ ಭಾವವು ಪರಕೀಯವಲ್ಲ.

ಈ ನಿಷ್ಠೆಗೆ ನಿಜವಾದ ಸಂಕಟವು ಒದಗುವುದು ಒಬ್ಬನೇ ಗುರುವಿನ ಇಬ್ಬರು ಶಿಷ್ಯರು ಎದುರೆದುರಾಗಿ ನಿಂತಾಗ. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಎಂದರೆ ಅಂದಿನ ಮುದುವೊಳಲಿನಲ್ಲಿ, ಕ್ರಿ. ಶ. 949ರಲ್ಲಿ ಹುಟ್ಟಿದ ರನ್ನನು ‘ಗದಾಯುದ್ಧ’ಕ್ಕೆ ಆರಿಸಿಕೊಂಡ ವಸ್ತುವು ಇಂತಹುದೇ. ಭೀಮನೂ ದುರ್ಯೋಧನನೂ ಬಲರಾಮನಲ್ಲಿ ಗದಾವಿದ್ಯೆಯನ್ನು ಕಲಿತವರು. ಆದುದರಿಂದಲೇ ಬಲರಾಮನು ಯಾವ ಪಕ್ಷವನ್ನೂ ಸೇರದೆ ತೀರ್ಥಯಾತ್ರೆಗೆ ಹೊರಟನು. ಊರುಭಂಗವಾದೊಡನೆ, ನಾಭಿಯ ಕೆಳಗೆ ಹೊಡೆಯುವುದು ಗದಾಯುದ್ಧದಲ್ಲಿ ನಿಷಿದ್ಧವೆಂದು ಹೇಳಿ, ಅವನು ಭೀಮನ ಮೇಲೆ ಹಲಾಯುಧವನ್ನೆತ್ತಿದನೆಂದು ವ್ಯಾಸಭಾರತದ ಶಲ್ಯಪರ್ವವು ಹೇಳುತ್ತದೆ. ಕೃಷ್ಣನು ಭೀಮನ ಪ್ರತಿಜ್ಞೆಯನ್ನು ನೆನಪಿಸಿದರೂ ಅವನ ಮನಸ್ಸು ತಿಳಿಯಾಗಲಿಲ್ಲ. ಭೀಮನು ಕುಟಿಲಯೋಧಿಯೆಂದೇ ಲೋಕದಲ್ಲಿ ಹೆಸರಾಗುವನೆಂದು ನುಡಿದು ದ್ವಾರಕೆಗೆ ತೆರಳಿದನು. ಇದು ಪಕ್ಷಪಾತವೆಂದು ತೋರಬಹುದು. ಆದರೆ ಇಲ್ಲಿ ಗುರುವು ಕೆರಳಿದುದು ಮೃತಶಿಷ್ಯನ ಮೇಲಣ ಮೋಹದಿಂದಲ್ಲ (ದುರ್ಯೋಧನನಿಗೆ ಇನ್ನೂ ಪ್ರಾಣವಿದ್ದಿತು), ತಾನು ಕಲಿಸಿದ ವಿದ್ಯೆಯ ಕಟ್ಟಳೆಯು ಮುರಿದುದರಿಂದ. ರನ್ನನಿಗಾದರೋ ಇದು ಸುಲಭವಾದ ವಸ್ತುವಲ್ಲ. ತನ್ನ ಪೋಷಕನಾದ ಸತ್ಯಾಶ್ರಯನನ್ನು ಅವನು ಭೀಮನೊಡನೆ ಅಭೇದವಾಗಿ ವರ್ಣಿಸಿದ್ದಾನೆ. ಗುರುವಿನ ಕೋಪಕ್ಕೆ ಪಾತ್ರನಾದವನೇ ಕಾವ್ಯದ ನಾಯಕ!

ದ್ರೋಣನ ವಿಷಯವು ಬೇರೆ ಬಗೆಯದು. ವಿರಾಟಪರ್ವದಲ್ಲಿ ಅರ್ಜುನನು, ಗುರುವು ಮೊದಲು ಬಾಣವನ್ನು ಬಿಡದೆ ತಾನು ಬಿಡೆನೆನ್ನುತ್ತಾನೆ. ದ್ರೋಣಪರ್ವದಲ್ಲಿ ಆಚಾರ್ಯನನ್ನು ಕೊಲ್ಲದೆ ಜೀವಸಹಿತ ತರಬೇಕೆಂದು ಧೃಷ್ಟದ್ಯುಮ್ನನನ್ನು ಕೂಗಿ ಬೇಡುತ್ತಾನೆ. ಎದುರು ಪಾಳೆಯದ ಶಿಷ್ಯನ ನಡತೆಯಿದು. ತನ್ನ ಪಾಳೆಯದ ಶಿಷ್ಯನಾದ ದುರ್ಯೋಧನನೋ, ತನಗಾಗಿ ಹೋರಾಡುತ್ತಿದ್ದ ಆಚಾರ್ಯನನ್ನೇ ಪಾಂಡವಪಕ್ಷಪಾತಿಯೆಂದು ಮತ್ತೆ ಮತ್ತೆ ಹಳಿದವನು. ಅಂತಹವನನ್ನು ರನ್ನನು ಸಂಜಯನೊಡನೆ ಕಾಲ್ನಡೆಯಲ್ಲಿ ರಣಭೂಮಿಗೆ ಕರೆತಂದು, ದ್ರೋಣನ ಕಳೇಬರದ ಮುಂದೆ ನಿಲ್ಲಿಸಿ ಶೋಕಿಸುವಂತೆ ಮಾಡಿದ್ದಾನೆ. ತಮ್ಮನಾದ ದುಶ್ಶಾಸನ, ಮಗನಾದ ಲಕ್ಷಣಕುಮಾರ, ಮಿತ್ರನಾದ ಕರ್ಣ ಇವರಿಗಾಗಿ ಅತ್ತ ಕಣ್ಣುಗಳೇ ಆಚಾರ್ಯನಿಗಾಗಿಯೂ ಅತ್ತವು.