ಬಂದೂಕು ತರಬೇತಿಗೆ ಹಾಜರಾಗುವ ಕನ್ನಡಕಧಾರಿ ಅರ್ಜಿದಾರರ ಗಮನಕ್ಕೆ: ಕಣ್ಣಿನ ರಕ್ಷಣೆ

ಆಯುಧ ಪರವಾನಗಿ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು, ಆಯುಧ ನಿಯಮಗಳು 2016ರ ಪ್ರಕಾರ ಸಾಮಾನ್ಯವಾಗಿ ಆಯುಧ ಮತ್ತು ಮದ್ದುಗುಂಡುಗಳ ಸುರಕ್ಷತಾ ತರಬೇತಿಯನ್ನು ಪಡೆದು ನಮೂನೆ ಎಸ್-1ರಲ್ಲಿ ಪ್ರಮಾಣಪತ್ರವನ್ನು ಹಾಗೂ ವೈದ್ಯರಿಂದ ನಮೂನೆ ಎಸ್-3ರಲ್ಲಿ ಆರೋಗ್ಯ ಪ್ರಮಾಣಪತ್ರವನ್ನು ಹಾಜರುಪಡಿಸಬೇಕಾಗುತ್ತದೆ. ಬೆಂಗಳೂರು ನಗರದಲ್ಲಿ ಪರವಾನಗಿ ನೀಡುವ ಪ್ರಾಧಿಕಾರವು ಪೊಲೀಸ್ ಆಯುಕ್ತರದ್ದಾಗಿರುತ್ತದೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಮುಂತಾದ ಹಳೆಯ ಬಡಾವಣೆಗಳಿಂದ ಅರ್ಜಿ ಸಲ್ಲಿಸುವವರಲ್ಲಿ ನಲವತ್ತು ದಾಟಿದವರೂ ನಿವೃತ್ತರೂ ಇರುತ್ತಾರೆ. ಇಂತಹವರಲ್ಲಿ ಕನ್ನಡಕವಿಲ್ಲದವರು ವಿರಳ. ಮೇಲ್ಕಂಡ ಪ್ರಮಾಣಪತ್ರಗಳು ಅರ್ಜಿದಾರರ ಆರೋಗ್ಯ ಮತ್ತು ತರಬೇತಿಗೆ ಸಂಬಂಧಿಸಿದವುಗಳೇ ಹೊರತು, ಅವರು ಧರಿಸಿರುವ ಕನ್ನಡಕದ ಗಾಜು ಯಾವ ವಸ್ತುವಿನದೆಂಬುದನ್ನು ಕೇಳುವುದಿಲ್ಲ. ಆದುದರಿಂದ ಆ ವಿಷಯವನ್ನು ಅರ್ಜಿದಾರರೇ ತರಬೇತಿಗೆ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಅವಶ್ಯಕ. ಎನ್.ಸಿ.ಸಿ. ಫೈರಿಂಗ್‌ಗೆ ಮಕ್ಕಳನ್ನು ಕಳುಹಿಸುವ ಪೋಷಕರಿಗೂ ಈ ಮಾಹಿತಿಯು ಅನ್ವಯಿಸುತ್ತದೆ.

ನಿತ್ಯದ ಕನ್ನಡಕವು ಏಕೆ ಸಾಲದು

"ನನಗೆ ಹೇಗೂ ಕನ್ನಡಕವಿದೆ, ಬೇರೆ ರಕ್ಷಣೆ ಏತಕ್ಕೆ" ಎಂಬುದು ಸಾಮಾನ್ಯ ಅಭಿಪ್ರಾಯ. ಇದು ಸರಿಯಲ್ಲ. ಕನ್ನಡಕವನ್ನು ದೃಷ್ಟಿ ತಿದ್ದುವುದಕ್ಕಾಗಿ ತಯಾರಿಸಲಾಗಿರುತ್ತದೆ, ಹೊಡೆತ ತಡೆಯುವುದಕ್ಕಾಗಿ ಅಲ್ಲ. ಅದು ಒಡೆದಲ್ಲಿ ಅದರ ಚೂರುಗಳೇ ಕಣ್ಣಿಗೆ ಹೊಕ್ಕುವ ಸಂಭವವಿರುತ್ತದೆ.

ಗುಂಡು ಹಾರಿಸುವ ಸ್ಥಳದಲ್ಲಿ ಕಣ್ಣಿಗೆ ಅಪಾಯವು ಹಲವು ಕಡೆಗಳಿಂದ ಬರುತ್ತದೆ. ಹಾರಿದ ಕಾಡತೂಸಿನ ಹಿತ್ತಾಳೆಯ ಖಾಲಿ ಕೋಶವು ಬಂದೂಕಿನಿಂದ ಪಕ್ಕಕ್ಕೆ, ಬಹುತೇಕ ಬಂದೂಕುಗಳಲ್ಲಿ ಬಲಗಡೆಗೆ, ಬಿಸಿಯಾಗಿ ಚಿಮ್ಮುತ್ತದೆ. ಹಾರಿಸಿದವರಿಗಿಂತ ಅವರ ಬಲಪಕ್ಕದಲ್ಲಿ ಇರುವವರ ಕಡೆಗೇ ಅದು ಹೋಗುವುದು ಹೆಚ್ಚು. ಎಡಗೈಯವರು ಹಾರಿಸುವಾಗ ಅವರ ಮುಖದ ಮುಂದೆಯೇ ಹಾದುಹೋಗುತ್ತದೆ. .22 ಕಾಡತೂಸಿನ ಕೋಶವು ಬಹಳ ತೆಳುವಾದುದು. ಅಪರೂಪಕ್ಕೆ ಅದರ ಹಿಂಬದಿಯ ಅಂಚು ಸೀಳಿದರೆ ಬಿಸಿ ಅನಿಲವೂ ಹಿತ್ತಾಳೆಯ ಕಣಗಳೂ ಹಾರಿಸುವವರ ಮುಖದ ಕಡೆಗೇ ನುಗ್ಗುತ್ತವೆ. ಗಟ್ಟಿ ವಸ್ತುವಿಗೆ ತಾಗಿದ ಸೀಸದ ಚೂರುಗಳು ಹಿಂದಕ್ಕೆ ಸಿಡಿಯಬಹುದು. ಏರ್ ರೈಫಲ್ ಆಟಿಕೆಯೆಂದು ಭಾವಿಸುವವರಿದ್ದಾರೆ. ಅದರ ಗುಂಡು ಸಹ ಕಬ್ಬಿಣಕ್ಕೋ ಕಲ್ಲಿಗೋ ತಾಗಿ ಮರಳಿದರೆ ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ದೀಪಾವಳಿಯ ರಾತ್ರಿ ಪಟಾಕಿ ಹಚ್ಚಿದವರಷ್ಟೇ ಅಲ್ಲದೆ ದೂರ ನಿಂತು ನೋಡುತ್ತಿದ್ದವರೂ ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆಗೆ ಬರುವುದನ್ನು ನಗರದ ಜನರು ಬಲ್ಲರು. ಇಲ್ಲಿಯೂ ಹಾಗೆಯೇ: ಸರದಿಗಾಗಿ ಹಿಂದೆ ಕಾಯುತ್ತಿರುವವರೂ ರಕ್ಷಣೆ ಧರಿಸಿರಬೇಕು.

"ಅನ್‌ಬ್ರೇಕಬಲ್" ಎಂಬ ಮಾತಿನ ಬಗ್ಗೆ

ಗಾಂಧಿಬಜಾರಿನಲ್ಲಾಗಲಿ, ಸಂಪಿಗೆ ರಸ್ತೆಯಲ್ಲಾಗಲಿ, ಕನ್ನಡಕದ ಅಂಗಡಿಯಲ್ಲಿ "ಅನ್‌ಬ್ರೇಕಬಲ್" ಎಂದು ಕೊಡುವ ಮಸೂರವು ಸಾಮಾನ್ಯವಾಗಿ ಸಿ.ಆರ್.-39 ಎಂಬ ಪ್ಲಾಸ್ಟಿಕ್ ಆಗಿರುತ್ತದೆ. ಮೇಜಿನಿಂದ ಕೆಳಗೆ ಬಿದ್ದರೆ ಅದು ಒಡೆಯದಿರಬಹುದು. ವೇಗವಾಗಿ ಬಂದ ಚೂರು ತಗುಲಿದರೆ ಒಡೆಯುತ್ತದೆ. ಅಪ್ಪಟ ಗಾಜಿನ ಮಸೂರವಂತೂ ಇಲ್ಲಿಗೆ ತಕ್ಕುದಲ್ಲವೇ ಅಲ್ಲ. ಹೆಚ್ಚಿನ ಪವರ್ ಉಳ್ಳವರಿಗೆ ಕೊಡುವ ತೆಳುವಾದ "ಹೈ ಇಂಡೆಕ್ಸ್" ಮಸೂರವು ದುಬಾರಿಯಾದ ಮಾತ್ರಕ್ಕೆ ಗಟ್ಟಿಯೆಂದು ತಿಳಿಯಬಾರದು. ಅರ್ಜಿದಾರರು ಕೇಳಬೇಕಾದ ಹೆಸರು ಪಾಲಿಕಾರ್ಬೊನೇಟ್, ಇಲ್ಲವೇ ಟ್ರೈವೆಕ್ಸ್.

ವ್ಯತ್ಯಾಸ ಎಷ್ಟೆಂಬುದನ್ನು ಪರೀಕ್ಷೆಗಳಿಂದ ತಿಳಿಯಬಹುದು. ಅಮೆರಿಕದಲ್ಲಿ ನಿತ್ಯೋಪಯೋಗಿ ಕನ್ನಡಕದ ಮಸೂರವು 16 ಗ್ರಾಂ ತೂಕದ ಉಕ್ಕಿನ ಗುಂಡನ್ನು 127 ಸೆಂ.ಮೀ. ಎತ್ತರದಿಂದ ಬೀಳಿಸಿದಾಗ ತಡೆದರೆ ಸಾಕು. ಆ ಗುಂಡು ಮಸೂರಕ್ಕೆ ತಾಗುವಾಗಿನ ವೇಗ ಸೆಕೆಂಡಿಗೆ ಸುಮಾರು 5 ಮೀಟರ್. ಅದೇ ದೇಶದ ಝಡ್ 87.1 ಮಾನಕದ ಪ್ರಕಾರ "ಪ್ಲಸ್" ಗುರುತು ಪಡೆಯುವ ರಕ್ಷಣಾ ಕನ್ನಡಕವು ಕಾಲು ಅಂಗುಲದ ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಲ್ಲಿಯೂ, 500 ಗ್ರಾಂ ತೂಕದ ಚೂಪು ಭಾರವನ್ನು 127 ಸೆಂ.ಮೀ. ಎತ್ತರದಿಂದಲೂ ತಡೆಯಬೇಕು. ಯುರೋಪಿನ ಇ.ಎನ್. 166 ಮಾನಕದಲ್ಲಿ 45 ಮೀಟರ್ ವೇಗದ ಪರೀಕ್ಷೆಯಲ್ಲಿ ಉತ್ತೀರ್ಣವಾದುದಕ್ಕೆ "ಎಫ್" ಅಕ್ಷರವನ್ನು ಕೊಡಲಾಗುತ್ತದೆ. ಭಾರತೀಯ ಮಾನಕದಲ್ಲಿ ಕಣ್ಣಿನ ರಕ್ಷಕಗಳಿಗೆ ಐ.ಎಸ್. 5983 ಎಂಬ ಸಂಖ್ಯೆಯಿದೆ. ಈ ಗುರುತುಗಳನ್ನು ಮಸೂರದ ಮೂಲೆಯಲ್ಲಿ ಅಥವಾ ಕನ್ನಡಕದ ಕಡ್ಡಿಯ ಒಳಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಕೊಳ್ಳುವ ಮೊದಲು ಬೆಳಕಿಗೆ ಹಿಡಿದು ನೋಡಿಕೊಳ್ಳುವುದು. ಪವರ್ ಇರುವ ರಕ್ಷಣಾ ಕನ್ನಡಕದ ಚೌಕಟ್ಟಿನಲ್ಲಿ "ಝಡ್ 87-2" ಎಂದಿರುತ್ತದೆ. ಬರಿಯ ಮಸೂರವನ್ನು ಪಾಲಿಕಾರ್ಬೊನೇಟಿಗೆ ಬದಲಿಸಿ ಹಳೆಯ ತೆಳು ಚೌಕಟ್ಟಿನಲ್ಲಿಯೇ ಕೂರಿಸಿದರೆ, ಹೊಡೆತ ಬಿದ್ದಾಗ ಮಸೂರವು ಒಡೆಯದೆ ಇಡಿಯಾಗಿ ಕಣ್ಣಿನ ಕಡೆಗೆ ಕಳಚಿಕೊಳ್ಳಬಹುದು.

ಇಂತಹ ಕನ್ನಡಕವು ಸಿಡಿದ ಚೂರುಗಳನ್ನು ತಡೆಯುತ್ತದೆಯೇ ಹೊರತು ಬಂದೂಕಿನ ಗುಂಡನ್ನಲ್ಲ. .22 ಗುಂಡಿನ ವೇಗವೇ ಸೆಕೆಂಡಿಗೆ 300 ಮೀಟರ್ ಮೀರಿರುತ್ತದೆ.

ಕನ್ನಡಕಧಾರಿಗಳಿಗೆ ಇರುವ ಮಾರ್ಗಗಳು

ಮೊದಲನೆಯದು, ತಮ್ಮ ಕನ್ನಡಕದ ಮೇಲೆಯೇ ಧರಿಸಬಹುದಾದ ಅಗಲವಾದ ರಕ್ಷಣಾ ಕನ್ನಡಕ. ಬೆಲೆ ಕಡಿಮೆ, ಪಕ್ಕಗಳೂ ಮುಚ್ಚಿರುತ್ತವೆ. ಕೆಲವೇ ದಿನಗಳ ತರಬೇತಿಗೆ ಇದು ಧಾರಾಳವಾಗಿ ಸಾಕು. ಎರಡು ಗಾಜುಗಳ ನಡುವೆ ಉಸಿರಿನ ಹಬೆ ಕಟ್ಟುವುದು ಇದರ ದೋಷ. ಗಾಳಿಕಿಂಡಿಗಳಿರುವುದನ್ನು ಆರಿಸಿಕೊಂಡಲ್ಲಿ ಕಡಿಮೆಯಾಗುತ್ತದೆ. ಎರಡನೆಯದು, ತಮ್ಮ ಪವರ್‌ನಲ್ಲಿಯೇ ಮಾಡಿಸಿದ, ಪಕ್ಕದ ರಕ್ಷಣೆಯುಳ್ಳ ಪಾಲಿಕಾರ್ಬೊನೇಟ್ ಕನ್ನಡಕ. ಗುರಿ ಅಭ್ಯಾಸವನ್ನು ಮುಂದುವರಿಸುವವರು ಇದಕ್ಕೆ ಖರ್ಚು ಮಾಡುವುದು ಉಚಿತ. ಕಾಂಟ್ಯಾಕ್ಟ್ ಲೆನ್ಸ್ ರಕ್ಷಣೆಯಲ್ಲ. ಅದನ್ನು ಧರಿಸುವವರೂ ಮೇಲೆ ರಕ್ಷಣಾ ಕನ್ನಡಕ ಹಾಕತಕ್ಕದ್ದು. ತರಬೇತಿ ಕೇಂದ್ರದಲ್ಲಿ ಕನ್ನಡಕ ಒದಗಿಸುವರೆಂದು ತಿಳಿದುಬಂದರೆ, ಅದು ತಮ್ಮ ಕನ್ನಡಕದ ಮೇಲೆ ಕೂರುವುದೇ ಎಂಬುದನ್ನೂ ಹೆಸರು ನೋಂದಾಯಿಸುವಾಗಲೇ ಕೇಳುವುದು ಒಳಿತು.

ಒಂದೇ ಕಣ್ಣಿನಲ್ಲಿ ದೃಷ್ಟಿಯುಳ್ಳವರು ಯಾವ ಕಾರಣಕ್ಕೂ ಇದನ್ನು ಕಡೆಗಣಿಸಬಾರದು. ಇತ್ತೀಚೆಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಮ್ಮ ವೈದ್ಯರ ಒಪ್ಪಿಗೆ ಪಡೆದ ನಂತರವೇ ತರಬೇತಿಗೆ ಬರತಕ್ಕದ್ದು.

ಗುರಿ ಮಸುಕಾಗುವ ತೊಂದರೆ

ರಕ್ಷಣೆಯ ಜೊತೆಗೆ ದೃಷ್ಟಿಯ ಪ್ರಶ್ನೆಯೊಂದಿದೆ. ಇದರಿಂದಲೇ ಅನೇಕರು ಬೇಸತ್ತು ಕನ್ನಡಕವನ್ನು ತೆಗೆದಿಟ್ಟು ಹಾರಿಸಲು ಮುಂದಾಗುತ್ತಾರೆ. ನಳಿಗೆಯ ತುದಿಯಲ್ಲಿರುವ ಫ್ರಂಟ್ ಸೈಟ್ ಕಣ್ಣಿನಿಂದ ಸರಿಸುಮಾರು ಒಂದು ಮೀಟರ್ ಅಥವಾ ತುಸು ಕಡಿಮೆ ದೂರದಲ್ಲಿರುತ್ತದೆ, ಗುರಿಹಲಗೆಯು 10 ಅಥವಾ 25 ಮೀಟರ್ ಆಚೆ ಇರುತ್ತದೆ. ಚಾಳೀಸು ಬಂದವರಿಗೂ, ಪೊರೆ ತೆಗೆದು ಕೃತಕ ಮಸೂರ ಇರಿಸಿಕೊಂಡವರಿಗೂ, ದೂರದ ಪವರ್‌ನಲ್ಲಿ ಗುರಿಹಲಗೆ ಸ್ಪಷ್ಟವಾಗಿ ಕಂಡು ಫ್ರಂಟ್ ಸೈಟ್ ಮಸುಕಾಗುತ್ತದೆ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಆದರೆ ಹತ್ತಿರದ ಪವರ್ ಮಸೂರದ ಕೆಳಭಾಗದಲ್ಲಿರುವುದರಿಂದ ತಲೆಯನ್ನು ಮೇಲಕ್ಕೆತ್ತಿ ನೋಡಬೇಕಾಗುತ್ತದೆ. ಆಗ ಕೆನ್ನೆಯು ಬಂದೂಕಿನ ಹಿಡಿಯಿಂದ ಬಿಟ್ಟುಹೋಗುತ್ತದೆ. ಮಲಗಿ ಹಾರಿಸುವಾಗ ತಲೆ ಮುಂದಕ್ಕೆ ಬಾಗಿ, ಕಣ್ಣು ಮಸೂರದ ಮೇಲಿನ ಮೂಲೆಯಿಂದ, ಮೂಗಿನ ಪಕ್ಕದಿಂದ ನೋಡತೊಡಗುತ್ತದೆ.

ಇದಕ್ಕೆ ಪರಿಹಾರವು ಸುಲಭ. ಕಣ್ಣು ಪರೀಕ್ಷಿಸುವವರಿಗೆ "ಒಂದು ಮೀಟರ್ ದೂರದ ಕಡ್ಡಿ ಸ್ಪಷ್ಟವಾಗಿ ಕಾಣಬೇಕು, ಗುರಿ ಗುರುತು ಸಿಗುವಷ್ಟು ಕಂಡರೆ ಸಾಕು" ಎಂದು ತಿಳಿಸಿ, ಒಂದೇ ಪವರ್‌ನ ಮಸೂರ ಬರೆಸಿಕೊಳ್ಳುವುದು. ದೂರದ ಪವರ್‌ಗೆ ಅರ್ಧ ಡಯಾಪ್ಟರ್ ಸೇರಿಸಿದಲ್ಲಿ ದೃಷ್ಟಿಯು 2 ಮೀಟರಿನಲ್ಲಿ, ಒಂದು ಸೇರಿಸಿದಲ್ಲಿ 1 ಮೀಟರಿನಲ್ಲಿ ಕೇಂದ್ರೀಕರಿಸುತ್ತದೆ. ಇವೆರಡರ ನಡುವೆ ಯಾವುದೆಂಬುದನ್ನು ಅವರು ಪರೀಕ್ಷಾ ಮಸೂರಗಳಿಂದ ನಿರ್ಧರಿಸುವರು. ಈ ಕನ್ನಡಕವನ್ನು ಧರಿಸಿ ವಾಹನ ಚಲಾಯಿಸಬಾರದು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಅವರು ಸಾಮಾನ್ಯವೆಂದು ಕಾಣುವ ಕನ್ನಡಕದಲ್ಲಿ, ಒಂದು ಕೈ ಜೇಬಿನಲ್ಲಿಟ್ಟು ಬೆಳ್ಳಿ ಪದಕ ಗೆದ್ದ ಚಿತ್ರವನ್ನು ತೋರಿಸಿ ವಾದಿಸುವವರಿದ್ದಾರೆ. ಅದು 10 ಮೀಟರ್ ಏರ್ ಪಿಸ್ತೂಲಿನ ಸ್ಪರ್ಧೆ. ಅಲ್ಲಿ ಚಿಮ್ಮುವ ಹಿತ್ತಾಳೆ ಕೋಶವೇ ಇಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಾವಳಿಯೇ ಒಡೆಯದ ರಕ್ಷಣಾ ಕನ್ನಡಕ ಧರಿಸುವಂತೆ ಎಲ್ಲ ಸ್ಪರ್ಧಿಗಳನ್ನು ಆಗ್ರಹಿಸುತ್ತದೆ.

ಬಿಸಿ ಕೋಶ ಕನ್ನಡಕದೊಳಗೆ ಬಿದ್ದರೆ

ಚಿಮ್ಮಿದ ಕೋಶವು ಹುಬ್ಬಿಗೂ ಮಸೂರಕ್ಕೂ ನಡುವೆ ಜಾರಿ ಸಿಕ್ಕಿಕೊಳ್ಳುವುದುಂಟು. ಚರ್ಮ ಸುಟ್ಟೊಡನೆ ಕೈ ಮುಖಕ್ಕೆ ಹೋಗುವುದು ಸಹಜ. ಗುಂಡು ತುಂಬಿದ ಬಂದೂಕು ಆ ಕೈಯಲ್ಲಿಯೇ ಇರುತ್ತದೆಂಬುದು ಇಲ್ಲಿನ ನಿಜವಾದ ಅಪಾಯ. ಅಕ್ಕಪಕ್ಕದವರ ಜೀವಕ್ಕೇ ಇದು ಕುತ್ತಾಗಬಹುದು. ಆದುದರಿಂದ ಉರಿ ಸಹಿಸಿ, ನಳಿಗೆಯನ್ನು ಗುರಿಯ ಕಡೆಗೇ ಇಟ್ಟು, ಟ್ರಿಗರ್‌ನಿಂದ ಬೆರಳು ತೆಗೆದು, ಬಂದೂಕನ್ನು ಕೆಳಗಿಟ್ಟ ನಂತರವೇ ಕನ್ನಡಕಕ್ಕೆ ಕೈ ಹಾಕತಕ್ಕದ್ದು. ಮುಂದೆ ಅಂಚುಳ್ಳ ಟೋಪಿ ಧರಿಸಿದಲ್ಲಿ ಕೋಶವು ಮೇಲಿನಿಂದ ಒಳಬೀಳುವುದಿಲ್ಲ. ಕಿವಿಯ ರಕ್ಷಕವನ್ನು ಕನ್ನಡಕದ ದಪ್ಪ ಕಡ್ಡಿಯ ಮೇಲೆ ಕೂರಿಸಿದಾಗ ಸಂದು ಉಳಿದು ಸದ್ದು ಒಳಬರುವುದರಿಂದ ತೆಳು ಕಡ್ಡಿಯ ಕನ್ನಡಕವೇ ಅನುಕೂಲ.

ಗಾಯವಾದಲ್ಲಿ

ಮದ್ದಿನ ಧೂಳು ಮಾತ್ರ ಬಿದ್ದಿದ್ದರೆ ಶುದ್ಧ ನೀರಿನಿಂದ ತೊಳೆಯಬಹುದು. ಚೂರು ಚುಚ್ಚಿದೆಯೆಂಬ ಸಂಶಯವಿದ್ದರೆ ತೊಳೆಯಬಾರದು, ಉಜ್ಜಬಾರದು, ಕಾಣುವ ಚೂರನ್ನು ಕೀಳಬಾರದು, ಮನೆಯಲ್ಲಿರುವ ಯಾವ ಔಷಧಿಯ ಹನಿಯನ್ನೂ ಹಾಕಬಾರದು. ಕಾಗದದ ಲೋಟದಂತಹುದನ್ನು ಕಣ್ಣಿನ ಸುತ್ತಲ ಮೂಳೆಯ ಮೇಲೆ ಊರುವಂತೆ, ಕಣ್ಣಿಗೆ ಒತ್ತಡ ಬೀಳದಂತೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಬೇಕು. ವೇಗವಾಗಿ ಹೊಕ್ಕ ಸಣ್ಣ ಚೂರು ಹೆಚ್ಚು ನೋವು ಕೊಡದೆಯೂ ಇರಬಹುದು. ನೋವಿಲ್ಲವೆಂದು ಮರುದಿನದವರೆಗೆ ಕಾಯುವುದು ಸಲ್ಲದು. ಹಳೆಯ ಬಡಾವಣೆಗಳ ನಿವಾಸಿಗಳಿಗೆ ಚಾಮರಾಜಪೇಟೆಯ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆಯು ಸಮೀಪದಲ್ಲಿದೆ. 1896ರಲ್ಲಿ ಆರಂಭಗೊಂಡ ಈ ಆಸ್ಪತ್ರೆಯು ಇಂದಿಗೂ ಇಂತಹ ಗಾಯಗಳಿಗೆ ಚಿಕಿತ್ಸೆ ನೀಡುತ್ತಿದೆ. ಅಲ್ಲಿ ಗುಂಡು ಹಾರಿಸುವಾಗ ಆದ ಗಾಯವೆಂದು ಸ್ಪಷ್ಟವಾಗಿ ಹೇಳತಕ್ಕದ್ದು; ಒಳಗೆ ಲೋಹದ ಚೂರು ಇರುವ ಸಂಭವವಿದ್ದಲ್ಲಿ ಎಂ.ಆರ್.ಐ. ಪರೀಕ್ಷೆ ಅಪಾಯಕಾರಿಯಾಗುತ್ತದೆ. ಒಡೆದ ಕನ್ನಡಕವನ್ನು ಎಸೆಯದೆ, ಸಿಕ್ಕ ಚೂರುಗಳೊಡನೆ ಕಾಗದದಲ್ಲಿ ಕಟ್ಟಿ ಜೊತೆಗೆ ಒಯ್ಯುವುದು. ಯಾವ ಭಾಗ ಕಾಣೆಯಾಗಿದೆ ಎಂಬುದನ್ನು ವೈದ್ಯರು ಅದರಿಂದ ಅಂದಾಜು ಮಾಡಬಲ್ಲರು.