ಸೋದರಮಾವನ ಅಂಗಡಿಯೂ ಸಂಸತ್ತಿನ ಸಮಿತಿಯೂ

ಅಪ್ಪ-ಅಮ್ಮನ ಕೆಲಸಕ್ಕೆ ಕೈಜೋಡಿಸುವ ಮಗು ಯಾವಾಗ ಕೂಲಿಯಾಳಾಗಿಬಿಡುತ್ತದೆ? ಸಂಸತ್ತಿನ ಕಾರ್ಮಿಕ ಸ್ಥಾಯಿ ಸಮಿತಿಯನ್ನು ಕಾಡಿದ್ದು ಇದೇ ಪ್ರಶ್ನೆ.

1986ರ ಬಾಲಕಾರ್ಮಿಕ ಕಾಯ್ದೆ, 14 ವರ್ಷದೊಳಗಿನವರ ದುಡಿಮೆಯನ್ನು ಕೆಲವು ಅಪಾಯಕಾರಿ ಕಸುಬುಗಳಲ್ಲಿ ಮಾತ್ರ ನಿಷೇಧಿಸಿತ್ತು. ಎಲ್ಲ ಕೆಲಸಗಳಿಗೂ ನಿಷೇಧ ಹೇರುವ ತಿದ್ದುಪಡಿ ಮಸೂದೆ 2012ರ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ಬಂತು. ಜೊತೆಗೇ ಒಂದು ವಿನಾಯಿತಿಯೂ ಬಂತು: ಶಾಲೆ ಮುಗಿದ ಮೇಲೆ, ರಜೆಯಲ್ಲಿ ಮಕ್ಕಳು ಕುಟುಂಬದ ಕೆಲಸಕ್ಕೆ ನೆರವಾಗಬಹುದು.

ಮಸೂದೆ ಸಮಿತಿಯ ಮುಂದೆ ಹೋಯಿತು. ಇಂಥ ಸಮಿತಿಗಳಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಕಲಾಪದ ನೇರಪ್ರಸಾರವಿಲ್ಲ, ಗದ್ದಲವೂ ಕಡಿಮೆ. ಇಲಾಖೆಯ ಕಾರ್ಯದರ್ಶಿಯನ್ನೇ ಎದುರು ಕೂರಿಸಿಕೊಂಡು ಒಂದೊಂದು ಕಲಮನ್ನೂ ಕೆದಕುತ್ತಾರೆ. ನಮ್ಮ ಸಂಸತ್ತಿನ ಅತ್ಯಂತ ಪ್ರಾಮಾಣಿಕ ದುಡಿಮೆ ನಡೆಯುವುದು ಬಹುಶಃ ಇಲ್ಲೇ. ದಾರಾ ಸಿಂಗ್ ಚೌಹಾಣ್ ನೇತೃತ್ವದ ಸಮಿತಿ 2013ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು: ಮಗು ನೆರವಾಗುತ್ತಿದೆಯೋ, ಮನೆಯ ಆದಾಯಕ್ಕಾಗಿ ದುಡಿಯುತ್ತಿದೆಯೋ ಎಂದು ಪತ್ತೆಹಚ್ಚುವುದು ಕಷ್ಟ, ಸಚಿವಾಲಯ ತಾನೇ ಕಳ್ಳದಾರಿ ತೆರೆಯುತ್ತಿದೆ, ಈ ವಿನಾಯಿತಿ ಬೇಡ.

ಸರ್ಕಾರ ಒಪ್ಪಲಿಲ್ಲ. ಸಮಿತಿಯ ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕೆಂದಿಲ್ಲ. 2016ರ ಜುಲೈನಲ್ಲಿ ಎರಡೂ ಸದನಗಳು ಅಂಗೀಕರಿಸಿದ ಕಾಯ್ದೆಯಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಉದ್ಯಮಗಳಿಗೆ ವಿನಾಯಿತಿ ಉಳಿಯಿತು. ಕುಟುಂಬವೆಂದರೆ ಅಪ್ಪ-ಅಮ್ಮ, ಒಡಹುಟ್ಟಿದವರಷ್ಟೇ ಅಲ್ಲ. ಚಿಕ್ಕಪ್ಪ, ಸೋದರತ್ತೆ, ಚಿಕ್ಕಮ್ಮ, ಸೋದರಮಾವಂದಿರೂ ಸೇರಿದರು. ಅಂಗಡಿಯಲ್ಲಿ ಲೋಟ ತೊಳೆಯುವ ಹುಡುಗನಿಗೆ ಮಾಲೀಕ ನಿಜಕ್ಕೂ ಸೋದರಮಾವನೇ ಎಂದು ಕಾರ್ಮಿಕ ನಿರೀಕ್ಷಕರು ಹೇಗೆ ಪರೀಕ್ಷಿಸಬೇಕು?

ಹಾಗೆಂದು ಕಾಯ್ದೆಯಿಂದ ಲಾಭವೇ ಆಗಲಿಲ್ಲವೆನ್ನುವಂತಿಲ್ಲ. 14ರಿಂದ 18ರ ಹರೆಯದವರನ್ನು ಗಣಿ, ಸ್ಫೋಟಕಗಳಂಥ ಕೆಲಸಗಳಿಂದ ದೂರವಿಟ್ಟಿತು. ಮಕ್ಕಳನ್ನು ದುಡಿಸಿಕೊಂಡವರಿಗೆ ಎರಡು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ.

2023ರಲ್ಲಿ ಭರ್ತೃಹರಿ ಮಹತಾಬ್ ಅಧ್ಯಕ್ಷತೆಯ ಸಮಿತಿ ಬಾಲಕಾರ್ಮಿಕ ನೀತಿಯನ್ನು ಮತ್ತೆ ಒರೆಗೆ ಹಚ್ಚಿತು. ಮಗುವಿನ ವಯಸ್ಸು ಒಂದೊಂದು ಕಾನೂನಿನಲ್ಲಿ ಒಂದೊಂದು ರೀತಿ ಇರುವುದನ್ನು ಎತ್ತಿ ತೋರಿಸಿತು. ಆದರೆ ಪರಿಶೀಲನೆಗೆ ಲೆಕ್ಕ ಬೇಕು. ದುಡಿಯುವ ಮಕ್ಕಳು 1.01 ಕೋಟಿ ಎಂದದ್ದು 2011ರ ಜನಗಣತಿ; 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಯಿತು.

ಈ ವರದಿಗಳು ಸಂಸತ್ತಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಮುಂದಿನ ಸಲ ನಿಮ್ಮ ಸಂಸದರು ಊರಿಗೆ ಬಂದಾಗ, ತಾವು ಯಾವ ಸಮಿತಿಯಲ್ಲಿದ್ದೀರಿ, ಅಲ್ಲಿ ಏನು ಕೇಳಿದಿರಿ ಎಂದು ವಿಚಾರಿಸಿ.