ಮನಿ ಪ್ಲಾಂಟೋ, ಸ್ಪೈಡರ್ ಪ್ಲಾಂಟೋ? ಬೆಕ್ಕು, ನಾಯಿ ಇರುವ ಮನೆಗೆ ಯಾವುದು ಹಿತ

ಅಂಗಳವಿಲ್ಲದ ನಗರದ ಮನೆಗಳಲ್ಲಿ ಹಸಿರಿಗೆ ಉಳಿದಿರುವುದು ಕಿಟಕಿ ಮತ್ತು ಕೋಣೆಯ ಮೂಲೆ. ಹೆಚ್ಚು ಆರೈಕೆ ಬೇಡದ ಗಿಡ ಬೇಕೆಂದು ನರ್ಸರಿಗೆ ಹೋದವರ ಕಣ್ಣಿಗೆ ಮೊದಲು ಬೀಳುವವುಗಳಲ್ಲಿ ಮನಿ ಪ್ಲಾಂಟ್ ಹಾಗೂ ಸ್ಪೈಡರ್ ಪ್ಲಾಂಟ್ ಸೇರಿವೆ. ಬೆಳೆಸುವುದರಲ್ಲಿ ಎರಡೂ ಸುಲಭ. ಆದರೆ ಮನೆಯಲ್ಲಿ ಬೆಕ್ಕು ಅಥವಾ ನಾಯಿ ಇದ್ದರೆ ಇವುಗಳ ನಡುವಿನ ವ್ಯತ್ಯಾಸವನ್ನು ಅರಿಯುವುದು ಅಗತ್ಯ.

ಆರೈಕೆ ಹೇಗೆ?

ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಮೋರಿಯಾ ದ್ವೀಪ ಮೂಲದ ಬಳ್ಳಿ. ಮಂದ ಬೆಳಕಿನಲ್ಲಿಯೂ ಬದುಕುತ್ತದೆ. ಗೆಣ್ಣು ಇರುವ ತುಂಡೊಂದನ್ನು ನೀರು ತುಂಬಿದ ಬಾಟಲಿಯಲ್ಲಿ ಇಟ್ಟರೂ ಬೇರು ಬಿಡುತ್ತದೆ. ಕುಂಡದಲ್ಲಿ ಬೆಳೆಸುವುದಾದರೆ ಮೇಲ್ಮಣ್ಣು ಒಣಗಿದ ನಂತರವೇ ನೀರು ಹಾಕಬೇಕು; ಅತಿಯಾದರೆ ಬೇರು ಕೊಳೆಯುತ್ತದೆ.

ಸ್ಪೈಡರ್ ಪ್ಲಾಂಟ್ ಆಫ್ರಿಕಾ ಮೂಲದ್ದು. ನೇರ ಬಿಸಿಲು ಬೀಳದ, ಬೆಳಕು ಚೆನ್ನಾಗಿರುವ ಕಿಟಕಿಯ ಬದಿ ಇದಕ್ಕೆ ಸೂಕ್ತ. ದಪ್ಪ ಬೇರುಗಳಲ್ಲಿ ನೀರು ಸಂಗ್ರಹಿಸಿಕೊಳ್ಳುವುದರಿಂದ ನಾಲ್ಕಾರು ದಿನ ಮರೆತರೂ ಸಹಿಸಿಕೊಳ್ಳುತ್ತದೆ. ಇದರ ದೌರ್ಬಲ್ಯ ಒಂದೇ: ನೀರಿನಲ್ಲಿ ಫ್ಲೋರೈಡ್ ಅಥವಾ ಲವಣಾಂಶ ಹೆಚ್ಚಿದ್ದರೆ ಎಲೆಯ ತುದಿ ಕಂದುಬಣ್ಣಕ್ಕೆ ತಿರುಗುತ್ತದೆ. ಕೊಳವೆಬಾವಿ ನೀರನ್ನೇ ನಂಬಿದವರು ಸಾಧ್ಯವಾದಾಗ ಮಳೆನೀರು ಹಾಕುವುದು ಒಳ್ಳೆಯದು. ತಾಯಿಗಿಡದಿಂದ ಇಳಿಬೀಳುವ ಮರಿಗಳನ್ನು ಬೇರೆ ಕುಂಡಕ್ಕೆ ನೆಟ್ಟರೆ ಹೊಸ ಗಿಡ ಸಿದ್ಧ.

ಅಪಾಯ ಎಲ್ಲಿದೆ?

ಮನಿ ಪ್ಲಾಂಟ್ ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ್ದು. ಮಲೆನಾಡು, ಕರಾವಳಿಯ ಗೃಹಿಣಿಯರು ಪತ್ರೊಡೆಗೆ ಹುಣಿಸೆಹುಳಿ ಸೇರಿಸುವುದು ಕೆಸುವಿನ ತುರಿಕೆಯನ್ನು ತಗ್ಗಿಸಲೆಂದೇ. ಆ ತುರಿಕೆಗೆ ಮುಖ್ಯ ಕಾರಣ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಮನಿ ಪ್ಲಾಂಟ್‌ನ ಎಲೆ, ಕಾಂಡಗಳಲ್ಲಿಯೂ ಇವು ಇವೆ. ಬೆಕ್ಕು, ನಾಯಿ ಎಲೆಯನ್ನು ಅಗಿದರೆ ಹರಳುಗಳು ಬಾಯಿ, ನಾಲಿಗೆ, ಗಂಟಲಿಗೆ ಚುಚ್ಚುತ್ತವೆ. ಜೊಲ್ಲು ಸುರಿಯುವುದು, ಪಂಜದಿಂದ ಬಾಯಿ ಉಜ್ಜಿಕೊಳ್ಳುವುದು, ವಾಂತಿ, ನುಂಗಲು ಕಷ್ಟ ಇದರ ಲಕ್ಷಣಗಳು. ಪ್ರಾಣಾಪಾಯ ವಿರಳವಾದರೂ ಯಾತನೆ ಕಡಿಮೆಯದಲ್ಲ.

ಸ್ಪೈಡರ್ ಪ್ಲಾಂಟ್‌ನಲ್ಲಿ ಈ ಭಯವಿಲ್ಲ. ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎ ಇದನ್ನು ಬೆಕ್ಕು, ನಾಯಿಗಳಿಗೆ ವಿಷಕಾರಿಯಲ್ಲದ ಸಸ್ಯಗಳ ಪಟ್ಟಿಗೆ ಸೇರಿಸಿದೆ; ಮನಿ ಪ್ಲಾಂಟ್ ಅದರ ವಿಷಕಾರಿ ಸಸ್ಯಗಳ ಪಟ್ಟಿಯಲ್ಲಿದೆ. ಆದರೂ ಹುಲ್ಲಿನಂತಹ ಎಲೆಗಳತ್ತ ಬೆಕ್ಕಿಗೆ ಸೆಳೆತ ಹೆಚ್ಚು. ಅತಿಯಾಗಿ ತಿಂದರೆ ವಾಂತಿಯಾಗಬಹುದು, ಗಿಡವೂ ಬೋಳಾಗಬಹುದು.

ಎಲೆ ಅಗಿದರೆ ಏನು ಮಾಡಬೇಕು?

ಬಾಯಲ್ಲಿರುವ ತುಣುಕುಗಳನ್ನು ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ, ಕುಡಿಯಲು ನೀರಿಡಿ. ಒತ್ತಾಯದಿಂದ ವಾಂತಿ ಮಾಡಿಸಬೇಡಿ. ಎಲೆಯ ತುಂಡನ್ನು ಜೊತೆಗೆ ಒಯ್ದು ಪಶುವೈದ್ಯರಿಗೆ ತೋರಿಸಿ. ಬಾಯಿ ಊದಿಕೊಂಡರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಡಮಾಡುವಂತಿಲ್ಲ.

ಆಯ್ಕೆ ಯಾವುದು?

ಸಾಕುಪ್ರಾಣಿಗಳಿಲ್ಲದ, ಬೆಳಕು ಕಡಿಮೆಯಿರುವ ಮನೆಗೆ ಮನಿ ಪ್ಲಾಂಟ್ ಒಪ್ಪುತ್ತದೆ. ಬೆಕ್ಕು, ನಾಯಿಮರಿ ಓಡಾಡುವ ಮನೆಗೆ ಸ್ಪೈಡರ್ ಪ್ಲಾಂಟ್ ಮೇಲು. ಮನಿ ಪ್ಲಾಂಟನ್ನು ಎತ್ತರದಲ್ಲಿ ತೂಗುಹಾಕಿದರೆ ಸಾಕೆಂದು ಭಾವಿಸುವಂತಿಲ್ಲ. ಬೆಕ್ಕು ಮೇಲೆ ಜಿಗಿಯಬಲ್ಲದು; ಬಳ್ಳಿಯೂ ಬೆಳೆದಂತೆ ಕೆಳಗಿಳಿಯುತ್ತದೆ. ಈಗಾಗಲೇ ಮನೆಯಲ್ಲಿದ್ದರೆ ಪ್ರಾಣಿಗಳಿಗೆ ಪ್ರವೇಶವಿಲ್ಲದ ಕೋಣೆಗೆ ಸಾಗಿಸಿ, ಇಲ್ಲವೇ ಪ್ರಾಣಿ ಸಾಕದ ಸ್ನೇಹಿತರಿಗೆ ಕೊಡಿ. ಮನಿ ಪ್ಲಾಂಟ್ ಸಂಪತ್ತು ತರುತ್ತದೆಂಬ ನಂಬಿಕೆ ಅವರವರಿಗೆ ಬಿಟ್ಟದ್ದು. ಮನೆಯ ಮೂಕಪ್ರಾಣಿಯ ಕ್ಷೇಮ ಮಾತ್ರ ನಮ್ಮ ಹೊಣೆ.